ಗುಡವಿಯ ಹಕ್ಕಿ ಯಾರ ಗದ್ದೆಯಲ್ಲಿ ಮೇಯುತ್ತದೆ?

ಸೊರಬ ಪೇಟೆಯಿಂದ ಹದಿನೈದು ಕಿಲೋಮೀಟರ್ ಹೋದರೆ ಗುಡವಿ ಕೆರೆ ಸಿಗುತ್ತದೆ. ಮಳೆಗಾಲ ಹಿಡಿಯಿತೆಂದರೆ ಕೆರೆಯೊಳಗಿನ ಮರಗಳೆಲ್ಲ ಬೆಳ್ಳಗಾಗುತ್ತವೆ. ಬಿಳಿ ಕೆಂಬರಲು, ಬಾಯ್ಕಳಕ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ, ಹೀಗೆ ಸಾವಿರಗಟ್ಟಲೆ ಹಕ್ಕಿ ಗೂಡು ಕಟ್ಟಿ, ಮರಿ ಮಾಡಿ, ಮರಿಗೆ ರೆಕ್ಕೆ ಬಲಿತ ಮೇಲೆ ಹೊರಡುತ್ತವೆ. 1989ರಲ್ಲಿ ಸರ್ಕಾರ ಇದನ್ನು ಪಕ್ಷಿಧಾಮವೆಂದು ಸಾರಿತು. ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿಗಿಂತ ಒಂದು ಕೂದಲು ಕಡಿಮೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ 180 ಎಕರೆ ಚಿಲ್ಲರೆ.

ಹಕ್ಕಿ ಇದ್ದದ್ದಕ್ಕೇ ಅದು ಪಕ್ಷಿಧಾಮವಾಯಿತು, ಪಕ್ಷಿಧಾಮವಾದ್ದರಿಂದ ಹಕ್ಕಿ ಬಂದದ್ದಲ್ಲ. ಬೋರ್ಡು ನೆಡುವ ಮುಂಚೆ ಅಲ್ಲಿ ಗಾರ್ಡು ಇರಲಿಲ್ಲ, ಗೇಟು ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಸುತ್ತಲ ಹಳ್ಳಿಯವರು ಹಕ್ಕಿಯನ್ನು ಹೊಡೆದು ತಿಂದು ಮುಗಿಸಿದ್ದರೆ 1989ರಲ್ಲಿ ಸಾರುವುದಕ್ಕೆ ಅಲ್ಲಿ ಏನಿರುತ್ತಿತ್ತು? ಈ ಸಣ್ಣ ಪ್ರಶ್ನೆಯನ್ನು ಬೆಂಗಳೂರಿನ ಪರಿಸರ ಸಭೆಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಹೇಳಬೇಕಾಗುತ್ತದಲ್ಲ!

ಇನ್ನೊಂದು ಪ್ರಶ್ನೆ ಇದೆ. ಅದನ್ನು ಈ ಪತ್ರಿಕೆಯಲ್ಲಿ ನಾವಲ್ಲದೆ ಬೇರೆ ಯಾರು ಕೇಳಬೇಕು? ಆ ಹಕ್ಕಿ ಮಲಗುವುದು ಕೆರೆಯ ಮರದ ಮೇಲೆ ಸರಿ, ಉಣ್ಣುವುದು ಎಲ್ಲಿ? 180 ಎಕರೆಯೊಳಗೆ ಅಷ್ಟು ಸಾವಿರ ಹೊಟ್ಟೆ ತುಂಬುತ್ತದೆಯೇ? ಬೆಳಗಾದರೆ ಹಿಂಡುಹಿಂಡಾಗಿ ಹಾರಿ ಹೋಗಿ ಅವು ಇಳಿಯುವುದು ರೈತನ ಭತ್ತದ ಗದ್ದೆಗೆ. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಇರುವುದೇ ಗದ್ದೆಯ ಬಸವನಹುಳುವನ್ನು ಹಿಡಿದು ಚಿಪ್ಪಿನಿಂದ ಬಿಡಿಸಿ ತಿನ್ನುವುದಕ್ಕೆ. ಕೆಂಬರಲಿಗೆ ಕೆಸರಿನ ಹುಳ, ಏಡಿ, ಕಪ್ಪೆ ಬೇಕು. ಬೆಳ್ಳಕ್ಕಿ ನೇಗಿಲ ಹಿಂದೆಯೇ ನಡೆಯುವುದನ್ನು ನಮ್ಮ ಮಕ್ಕಳೂ ನೋಡಿದ್ದಾರೆ. ಈಗ ನೇಗಿಲು ಹೋಗಿ ಟಿಲ್ಲರ್ ಬಂದಿದೆ, ಬೆಳ್ಳಕ್ಕಿ ಅದರ ಹಿಂದೆಯೂ ನಡೆಯುತ್ತದೆ, ಪಾಪ. ಅಂದಮೇಲೆ ಗುಡವಿಯ ನಿಜವಾದ ಪಕ್ಷಿಧಾಮ 180 ಎಕರೆಯಲ್ಲ. ಸುತ್ತಲಿನ ಸಾವಿರಾರು ಎಕರೆ ಕೆಸರುಗದ್ದೆಯೇ ಅದು. ಅದನ್ನು ನಡೆಸುತ್ತಿರುವವನು ರೈತ, ಅದೂ ಸಂಬಳವಿಲ್ಲದೆ.

ಆ ಗದ್ದೆಗೆ ಏನಾಗುತ್ತಿದೆ ಎಂದು ಸೊರಬ, ಶಿಕಾರಿಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ತಿಳಿಯುತ್ತದೆ. ಭತ್ತದ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ಇಡುತ್ತಿದ್ದಾರೆ. ಅಡಿಕೆಗೆ ಕೈಯಲ್ಲಿ ದುಡ್ಡಿಲ್ಲದವನು ಶುಂಠಿಗೆ ಗುತ್ತಿಗೆ ಕೊಡುತ್ತಾನೆ. ನೀರು ಸಾಲದವನು ಮೆಕ್ಕೆಜೋಳ ಹಾಕುತ್ತಾನೆ. ಶುಂಠಿ ಬೆಳೆದ ನೆಲಕ್ಕೆ ಬೀಳುವ ಔಷಧಿಯ ಲೆಕ್ಕ ಅಂಗಡಿಯವನಿಗೆ ಗೊತ್ತು, ಆ ನೆಲದ ಎರೆಹುಳಕ್ಕೂ ಗೊತ್ತು. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಅಡಿಕೆ ತೋಟದ ಕಾಲುವೆಯಲ್ಲಿ ಕೆಂಬರಲು ಮೇಯುವುದಿಲ್ಲ, ಶುಂಠಿ ಪಾತಿಯಲ್ಲಿ ಬಾಯ್ಕಳಕಕ್ಕೆ ಬಸವನಹುಳು ಸಿಗುವುದಿಲ್ಲ.

ರೈತ ಭತ್ತವನ್ನು ಬಿಟ್ಟದ್ದು ಹಕ್ಕಿಯ ಮೇಲಿನ ಸಿಟ್ಟಿನಿಂದಲೇ? 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಾಟಿ ಹೆಣ್ಣಾಳಿನ ಕೂಲಿ, ಟಿಲ್ಲರ್ ಬಾಡಿಗೆ, ಗೊಬ್ಬರ, ಕೊಯ್ಲಿನ ಮಿಷನ್ನು, ಇವನ್ನು ಕೂಡಿಸಿ ಕಳೆದರೆ ಏನು ಉಳಿಯುತ್ತದೆ ಎಂದು ಇದನ್ನು ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆ 2,369 ಕೂಡ ಸಿಗುವುದು ಖರೀದಿ ಕೇಂದ್ರ ತೆರೆದರೆ, ತೆರೆದದ್ದು ನಮ್ಮ ಒಕ್ಕಲು ಮುಗಿಯುವುದರೊಳಗೆ ತೆರೆದರೆ, ನಮ್ಮ ಹೆಸರಿನಲ್ಲಿ ಪಹಣಿ ಇದ್ದು ಫ್ರೂಟ್ಸ್ ನಂಬರು ಆಗಿದ್ದರೆ. ಇಲ್ಲದಿದ್ದರೆ ಮಿಲ್ಲಿನವನು ಹೇಳಿದ ರೇಟೇ ರೇಟು. 2025ರ ಕೊನೆಯಲ್ಲಿ ಮೆಕ್ಕೆಜೋಳದ ಗತಿ ನೋಡಿದಿರಲ್ಲ, ಬೆಂಬಲ ಬೆಲೆ 2,400 ಎಂದು ಕಾಗದದಲ್ಲಿ ಬರೆದಿತ್ತು, ಹಾವೇರಿಯ ರೈತರು ರಸ್ತೆಗೆ ಇಳಿದ ಮೇಲೆಯೇ ಸರ್ಕಾರಕ್ಕೆ ಆ ಕಾಗದದ ನೆನಪಾದದ್ದು.

ಹಾಗಾಗಿ ಕೊಕ್ಕರೆಯ ಊಟ ಕಸಿದವನು ಗದ್ದೆ ಉಳುವವನಲ್ಲ, ಬೆಲೆ ಕಟ್ಟುವವನು. ದೆಹಲಿಯಲ್ಲಿ ಕೂತು ಭತ್ತದ ಬೆಲೆ ನಿಗದಿ ಮಾಡುವಾಗ ಗುಡವಿಯ ಹಕ್ಕಿಯ ಭವಿಷ್ಯವನ್ನೂ ನಿಗದಿ ಮಾಡುತ್ತಿದ್ದೇವೆ ಎಂಬ ಅರಿವು ಆ ಮಹಾಶಯರಿಗೆ ಇರಲಾರದು. ಅರಣ್ಯ ಇಲಾಖೆಯವರಿಗೂ ಇಲ್ಲ. ಅವರ ನಕ್ಷೆ 180 ಎಕರೆಯ ಬೇಲಿಗೆ ಮುಗಿಯುತ್ತದೆ.

ಬೇಲಿಯಿಂದ ಆಚೆಗೂ ಅವರ ಕಣ್ಣು ಹೋಗುತ್ತದೆ, ಆದರೆ ಬೇರೆ ಕಾರಣಕ್ಕೆ. 2022ರ ಜೂನ್ 3ರಂದು ಸುಪ್ರೀಂ ಕೋರ್ಟು ಪ್ರತಿ ಅಭಯಾರಣ್ಯದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಬೇಕೆಂದು ಆದೇಶ ಮಾಡಿತ್ತು. ಮುಕ್ಕಾಲು ಚದರ ಕಿಲೋಮೀಟರಿನ ಜಾಗ ಗುಂಡಗಿದೆ ಅಂದುಕೊಂಡು ಅದರ ಸುತ್ತ ಒಂದು ಕಿಲೋಮೀಟರ್ ಅಳೆದು ನೋಡಿ, ಸಾವಿರದ ಐನೂರು ಎಕರೆ ಆಗುತ್ತದೆ. ಮೂಗಿಗಿಂತ ಮೂಗುತಿ ಎಂಟು ಪಾಲು ಭಾರ! 2023ರ ಏಪ್ರಿಲ್‌ನಲ್ಲಿ ಕೋರ್ಟೇ ಆ ಆದೇಶವನ್ನು ಸಡಿಲ ಮಾಡಿತು ಅನ್ನಿ. ಆದರೆ ಯೋಚನೆಯ ದಿಕ್ಕು ಯಾವುದು ಎಂದು ಗೊತ್ತಾಯಿತಲ್ಲ. ಆ ಸುತ್ತಿನೊಳಗೆ ಭತ್ತ ಬೆಳೆಯುವವನಿಗೆ ಏನು ಕೊಡುತ್ತೀರಿ ಎಂಬ ಒಂದು ಸಾಲು ಆ ಕಡತಗಳಲ್ಲಿ ಬೇಕಿತ್ತು. ಏನು ಮಾಡಬಾರದು ಎಂಬ ಪಟ್ಟಿ ಮಾತ್ರ ಇರುತ್ತದೆ.

ಈಗ ಕಾಡಿನ ಮಾತಿಗೆ ಬರೋಣ. ಸೊರಬ ಅಂದರೆ ಕಾನುಗಳ ಸೀಮೆ. ಊರಿಗೊಂದು ಕಾನು, ಕಾನಿಗೊಂದು ದೇವರು, ಕಾನಿನ ಮಡಿಲಲ್ಲಿ ಒಂದು ನೀರಿನ ಸೆಲೆ, ಕೆಳಗೆ ಗದ್ದೆ. ಬ್ರಿಟಿಷರ ಅರಣ್ಯ ಇಲಾಖೆ ಕಟ್ಟಿದ ಬ್ರಾಂಡಿಸ್ ಎಂಬವನು ಗ್ರಾಂಟ್ ಎಂಬ ಇನ್ನೊಬ್ಬನ ಜತೆ 1868ರಲ್ಲಿ ಬರೆದ ವರದಿಯಲ್ಲಿ ಸೊರಬ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳ ಲೆಕ್ಕವಿದೆ, ಒಟ್ಟು ಮೂವತ್ತೆರಡು ಸಾವಿರ ಎಕರೆ ಮಿಕ್ಕಿ. ಅವು ಯಾರೂ ಕಾಲಿಡದ ಕಾಡುಗಳಾಗಿರಲಿಲ್ಲ. ಹಳ್ಳಿಯವರು ಕಾನಿಗೆ ಕಂದಾಯ ಕಟ್ಟುತ್ತಿದ್ದರು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದರು, ಬೈನೆ ಇಳಿಸುತ್ತಿದ್ದರು, ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ಜೇನು ತರುತ್ತಿದ್ದರು. ಕೊಡಲಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ದೇವರ ಹೆದರಿಕೆ ಅನ್ನಿ, ನೀರಿನ ಹೆದರಿಕೆ ಅನ್ನಿ. ಕಾನು ಹೋದರೆ ಕೆಳಗಿನ ಗದ್ದೆ ಒಣಗುತ್ತದೆ ಎಂದು ತಿಳಿಯುವುದಕ್ಕೆ ಅವರಿಗೆ ಡೆಹ್ರಾಡೂನಿನ ತರಬೇತಿ ಬೇಕಾಗಿರಲಿಲ್ಲ.

ಕಾಡು ಸರ್ಕಾರದ್ದು ಎಂದು ಬರೆದುಕೊಂಡ ಮೇಲೆ ಏನಾಯಿತು? ಕಾನಿನ ಮರ ದಿಮ್ಮಿಯಾಗಿ ಹೋಯಿತು. ಆಮೇಲೆ ಬಂತು ಕಾಗದದ ಕಾಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಸೌದೆ ಒದಗಿಸಲಿಕ್ಕೆ ಎಂದು 1980ರಲ್ಲಿ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಅಂದರೆ 50 ಸಾವಿರ ಎಕರೆ. ಅಲ್ಲಿ ಎದ್ದು ನಿಂತದ್ದು ನೀಲಗಿರಿ ಮತ್ತು ಅಕೇಶಿಯಾ. ಅಕೇಶಿಯಾದ ಕೆಳಗೆ ಹುಲ್ಲು ಹುಟ್ಟದು, ದನ ಮೇಯದು, ಜೇನು ಕಟ್ಟದು. 2015ರಲ್ಲಿ ಕಾರ್ಖಾನೆ ನಿಂತುಹೋಯಿತು. 2020ರಲ್ಲಿ ಗುತ್ತಿಗೆಯೂ ಮುಗಿಯಿತು. ಮುಗಿಯಿತಲ್ಲ, ಇನ್ನು ಆ ನೆಲದಲ್ಲಿ ಸಹಜ ಕಾಡು ಬರಲಿ ಎಂದು ಮಲೆನಾಡಿನವರು ಕಾಯುತ್ತಿದ್ದರೆ, ನಿಂತುಹೋದ ಕಾರ್ಖಾನೆಗೆ ಮತ್ತೆ 40 ವರ್ಷ ಗುತ್ತಿಗೆ ಮುಂದುವರಿಸುವ ಆದೇಶ ಹೊರಟಿತು! ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಜನ ಚಳವಳಿ ಹೂಡಬೇಕಾಯಿತು. ಓಡದ ಮಿಲ್ಲಿಗೆ 50 ಸಾವಿರ ಎಕರೆ, ಓಡಾಡಿ ದುಡಿಯುವವನ ಎರಡು ಎಕರೆಗೆ ಒಕ್ಕಲೆಬ್ಬಿಸುವ ನೋಟೀಸು. ಇದು ಯಾವ ಊರಿನ ಪರಿಸರ ರಕ್ಷಣೆ?

ಗಡಿ ದಾಟಿದರೆ ಸಿಗುವ ಹಾನಗಲ್ ತಾಲ್ಲೂಕಿನ ಕುಸನೂರನ್ನು ಮರೆಯಬಾರದು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆ ಪಾಲು ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟುಹಾಕಿತು. ಹಳ್ಳಿಯವರ ಗೋಮಾಳ, ಸೌದೆ ಕಾಡು ಎಲ್ಲ ಸೇರಿ 30 ಸಾವಿರ ಹೆಕ್ಟೇರ್ ಅದರ ಪಾಲಿಗೆ. ಶಿವರಾಮ ಕಾರಂತರು, ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಗೆ ತಮಗೆ ಬೇಕಾದ ಹಣ್ಣಿನ, ಮೇವಿನ ಸಸಿ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು. ಕಿತ್ತದ್ದಷ್ಟೇ ಆಗಿದ್ದರೆ ಅದು ಬರೀ ಸಿಟ್ಟು ಆಗುತ್ತಿತ್ತು. ಹಚ್ಚಿದರಲ್ಲ, ಅಲ್ಲಿ ಹಕ್ಕಿನ ಮಾತು ಶುರುವಾಯಿತು. ಈ ನೆಲದಲ್ಲಿ ಯಾವ ಮರ ಇರಬೇಕು ಎಂದು ತೀರ್ಮಾನ ಮಾಡುವವರು ನಾವು ಅಂತ.

ಈ ಹಕ್ಕು ಎಲ್ಲರಿಗಿಂತ ಮೊದಲು ಯಾರದ್ದು? ಹಸಲರದ್ದು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಹೆಸರಿರುವ ಈ ಜನ ಮಲೆನಾಡಿನ ಕಾಡಂಚಿನಲ್ಲಿ ಪಟ್ಟಿ, ಪಹಣಿ, ಸರ್ವೆ ನಂಬರು ಎಂಬ ಮಾತುಗಳು ಹುಟ್ಟುವ ಮೊದಲೇ ಇದ್ದವರು. ಅಡಿಕೆ ಕೊನೆ ತೆಗೆದವರು ಅವರು, ಜೇನು ಇಳಿಸಿದವರು ಅವರು, ಒಡೆಯರ ಮನೆಯಲ್ಲಿ ತಲೆಮಾರುಗಟ್ಟಲೆ ಜೀತ ತೇದವರೂ ಅವರೇ. 1976ರ ಜೀತಮುಕ್ತಿ ಕಾಯ್ದೆ ಬಂದು ಮಾಲೀಕನ ಹಟ್ಟಿಯಿಂದ ಹೊರಬಂದವರಿಗೆ ನಿಲ್ಲುವುದಕ್ಕೆ ನೆಲ ಬೇಕಲ್ಲ? 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡುತ್ತಿದ್ದವನಿಗೆ ಭೂಮಿ ಸಿಕ್ಕಿತು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಕೊಳಗದ ಅಳತೆಯ ಮೋಸದ ವಿರುದ್ಧ ಎದ್ದು ನಿಂತದ್ದರ ಫಲ ಅದು. ಆದರೆ ಹಸಲರು ಗೇಣಿದಾರರೂ ಆಗಿರಲಿಲ್ಲ. ಗೇಣಿ ಚೀಟಿ ಇಲ್ಲದವನಿಗೆ ಡಿಕ್ಲರೇಷನ್ ಎಲ್ಲಿಯದು? ಹಾಗಾಗಿ ಅವರ ಪಾಲಿಗೆ ಉಳಿದದ್ದು ಕಾಡಂಚು. ಕಾಡಂಚಿನಲ್ಲಿ ಗುಡಿಸಲು ಕಟ್ಟಿದರೆ ಒತ್ತುವರಿದಾರ ಎಂದು ಹೆಸರು.

ಅವರ ಜತೆಗೇ ಸಣ್ಣ ದೀವರು, ಮಡಿವಾಳರು, ಲಂಬಾಣಿಗಳು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆಮಠ ಕಳಕೊಂಡು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಲ್ಪಟ್ಟವರು. ನಾಡಿಗೆ ಬೆಳಕು ಕೊಟ್ಟವರು ಎಂದು ಭಾಷಣದಲ್ಲಿ ಇವರನ್ನು ಹೊಗಳುತ್ತಾರೆ. ಅವರಿಗಾಗಿ ಅರಣ್ಯ ಭೂಮಿ ಬಿಡಿಸಿಕೊಟ್ಟ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು, ಯಾಕೆಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಪಡೆದಿರಲಿಲ್ಲ. ಅನುಮತಿ ಕೇಳಬೇಕಾಗಿದ್ದವರು ಸರ್ಕಾರದವರು, ಶಿಕ್ಷೆ ಮುಳುಗಡೆಯವನಿಗೆ.

2006ರಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯ್ದೆ ಮಾಡಿತು. ಅದರ ಪೀಠಿಕೆಯಲ್ಲಿ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಎಂದು ಸರ್ಕಾರವೇ ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ಬದುಕುತ್ತಿರುವ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರ್ ಮೀರದಂತೆ ಸಾಗುವಳಿ ಹಕ್ಕು, ಕಾಡಿನ ಕಿರು ಉತ್ಪನ್ನದ ಒಡೆತನ, ಊರಿನ ಕಾಡನ್ನು ಕಾಪಾಡಿ ನಿರ್ವಹಿಸುವ ಅಧಿಕಾರ, ಎಲ್ಲ ಅದರಲ್ಲಿದೆ. ಅಭಯಾರಣ್ಯದೊಳಗೂ ಈ ಕಾಯ್ದೆ ನಡೆಯುತ್ತದೆ, ಇದನ್ನು ನಮ್ಮ ಓದುಗರು ಗುರುತು ಹಾಕಿಕೊಳ್ಳಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ ಎಂಬ ಕೊಕ್ಕೆ ಹಾಕಿದರು. 1930ರ ದಾಖಲೆ ತಾ ಅನ್ನುತ್ತಾರೆ. 1930ರಲ್ಲಿ ಕಾಡಂಚಿನ ಬಡವನಿಗೆ ಯಾವ ಶಾನುಭೋಗ ರಸೀತಿ ಬರೆದುಕೊಟ್ಟಿದ್ದ? ಕಾಯ್ದೆ ಕೇಳುವುದು ಆ ಸೀಮೆಯ ಕಾಡಿನಲ್ಲಿ ವಾಸವಿದ್ದು ಅದನ್ನು ನಂಬಿ ಬದುಕಿದ್ದಕ್ಕೆ ಪುರಾವೆಯನ್ನು. ಇದೇ ತುಂಡು ನೆಲವನ್ನು 75 ವರ್ಷದಿಂದ ಉಳುತ್ತಿದ್ದೆ ಎಂದು ತೋರಿಸು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬರೆಯದ್ದನ್ನು ಓದಿ ಅರ್ಜಿ ವಜಾ ಮಾಡುವ ವಿದ್ಯೆ ಕಚೇರಿಗಳಲ್ಲಿದೆ.

ಫಲ ಏನಾಯಿತು? 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದಲ್ಲಿ ಕರ್ನಾಟಕವೊಂದರಲ್ಲೇ ಸುಮಾರು 1 ಲಕ್ಷ 76 ಸಾವಿರ ಅರ್ಜಿ ವಜಾ ಆಗಿದ್ದವು. ಅದರಲ್ಲಿ 35 ಸಾವಿರಕ್ಕೂ ಹೆಚ್ಚು ಪರಿಶಿಷ್ಟ ಪಂಗಡದವರದ್ದೇ. 75 ವರ್ಷದ ಕೊಕ್ಕೆ ಇಲ್ಲದವರದ್ದೂ ಹೀಗೆ! ವನ್ಯಜೀವಿ ಪ್ರೇಮಿಗಳ ಒಂದು ಸಂಸ್ಥೆ ಹೂಡಿದ ದಾವೆಯಲ್ಲಿ ಆ ವರ್ಷ ಫೆಬ್ರವರಿ 13ರಂದು, ವಜಾ ಆದವರನ್ನೆಲ್ಲ ಎಬ್ಬಿಸಿ ಎಂಬ ಆದೇಶವೂ ಬಂತು. ದೇಶದ ತುಂಬ ಗದ್ದಲವೆದ್ದು ಹದಿನೈದು ದಿನದಲ್ಲಿ, ಫೆಬ್ರವರಿ 28ಕ್ಕೆ ಅದಕ್ಕೆ ತಡೆ ಸಿಕ್ಕಿತು. ಆ ಹದಿನೈದು ದಿನ ಕಾಡಂಚಿನ ಮನೆಗಳಲ್ಲಿ ನಿದ್ದೆ ಹೇಗೆ ಬಂದಿರಬೇಕು!

ಬೆಲೆ, ಸಾಲದ ಪತ್ರಿಕೆಯಲ್ಲಿ ಕಾಡಿನ ಪುರಾಣ ಯಾಕೆ ಎಂದು ಕೇಳುವವರು ಇರಬಹುದು. ಸಾಲದ ಬೇರು ಇರುವುದೇ ಇಲ್ಲಿ. ಪಹಣಿ ಇದ್ದವನಿಗೆ ಸೊಸೈಟಿಯಲ್ಲಿ ಬೆಳೆ ಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. 3 ಲಕ್ಷವಿದ್ದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಪಹಣಿ ಇಲ್ಲದವನಿಗೆ ಸೊಸೈಟಿಯ ಮೆಟ್ಟಿಲೂ ಇಲ್ಲ. ಅವನು ಹೋಗುವುದು ಕೈಸಾಲಕ್ಕೆ, ಮಂಡಿಗೆ, ಗೊಬ್ಬರದ ಅಂಗಡಿಯ ಉದ್ದರಿಗೆ. ಒಂದು ಲೆಕ್ಕ ಹಾಕೋಣ. ಐವತ್ತು ಸಾವಿರ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಹತ್ತು ತಿಂಗಳಿಗೆ ಹದಿನೈದು ಸಾವಿರ. ಬೆಂಬಲ ಬೆಲೆಯಲ್ಲೇ ಮಾರಿದರೂ ಆರು ಕ್ವಿಂಟಲ್ ಮಿಕ್ಕಿ ಭತ್ತ ಬರೀ ಬಡ್ಡಿಗೆ ಹೋಯಿತು. ಆದರೆ ಅವನು ಬೆಂಬಲ ಬೆಲೆಯಲ್ಲಿ ಮಾರುವ ಹಾಗೂ ಇಲ್ಲ, ಅದಕ್ಕೂ ಪಹಣಿ ಬೇಕು. ಸಾಲ ಕೊಟ್ಟವನೇ ಭತ್ತ ಕೊಳ್ಳುತ್ತಾನೆ, ತೂಕವೂ ಅವನದೇ, ರೇಟೂ ಅವನದೇ. ಪಕ್ಕದ ಗದ್ದೆಯವನಿಗೆ, ಅದೇ ಮಳೆಯಲ್ಲಿ ಅದೇ ಬೆಳೆ ಬೆಳೆದವನಿಗೆ, ಬಡ್ಡಿ ಸೊನ್ನೆ. ಇಬ್ಬರ ನಡುವೆ ಇರುವ ವ್ಯತ್ಯಾಸ ಒಂದು ಹಾಳೆ ಕಾಗದ.

ಬೆಳೆ ಹಾಳಾದರೆ ಪರಿಹಾರಕ್ಕೆ ಪಹಣಿ. ಬೆಳೆ ವಿಮೆಗೆ ಪಹಣಿ. 2018ರಲ್ಲಿ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ಸಹಕಾರಿ ಸಂಘ, ಬ್ಯಾಂಕುಗಳ ಸಾಲ ಮನ್ನಾ ಆಯಿತು. ಕಾಡಂಚಿನ ಸಾಗುವಳಿದಾರನ ಕೈಸಾಲವನ್ನು ಯಾರು ಮನ್ನಾ ಮಾಡುತ್ತಾರೆ? ರೈತರ ಸಾಲದ ಬಗ್ಗೆ ಸರ್ಕಾರದ ಪುಸ್ತಕದಲ್ಲಿರುವ ಅಂಕಿಗಳಲ್ಲಿ ಇವನ ಸಾಲ ಬರುವುದೇ ಇಲ್ಲ. ಸಾಲಗಾರನ ಪಟ್ಟಿಯಲ್ಲೂ ಇಲ್ಲದಷ್ಟು ಬಡವ.

ಕಾಡಿನ ಉತ್ಪನ್ನದ್ದೂ ಇದೇ ಕಥೆ. ಉಪ್ಪಾಗೆ, ಅಂಟುವಾಳ, ಸೀಗೆ, ಜೇನು, ಇವನ್ನು ಸಂಗ್ರಹಿಸುವ ಗುತ್ತಿಗೆಯನ್ನು ಇಲಾಖೆ ಹರಾಜು ಹಾಕುತ್ತದೆ, ಗುತ್ತಿಗೆದಾರ ಮುಂಗಡ ಕೊಡುತ್ತಾನೆ, ಮುಂಗಡ ತಿಂದವನು ಅವನು ಹೇಳಿದ ರೇಟಿಗೆ ಹಾಕಬೇಕು. ಕಾಯ್ದೆಯ ಪ್ರಕಾರ ಆ ಉತ್ಪನ್ನದ ಒಡೆಯ ಕಾಡಿನಲ್ಲಿ ವಾಸಿಸುವವನು. ಒಡೆಯನ ಮಾಲನ್ನು ಬೇರೆಯವರು ಹರಾಜು ಹಾಕುವುದಕ್ಕೆ ಪೇಟೆಯಲ್ಲಿ ಏನೆಂದು ಹೆಸರು?

ಅರಣ್ಯ ಹಕ್ಕಿನ ಪತ್ರ ಸಿಕ್ಕಿದರೂ ಬ್ಯಾಂಕಿನ ಮ್ಯಾನೇಜರು ರಾಗ ಎಳೆಯುತ್ತಾನೆ, ಇದು ಮಾರುವ ಹಾಗಿಲ್ಲ, ಅಡವಿಗೆ ಆಗುವುದಿಲ್ಲ ಅಂತ. ಹೌದು, ಆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಗಂಡ ಹೆಂಡಿರಿಬ್ಬರ ಹೆಸರಿನಲ್ಲೂ ಇರುತ್ತದೆ. ನನ್ನ ಮಟ್ಟಿಗೆ ಆ ಕಾಯ್ದೆಯ ಅತ್ಯಂತ ಜಾಣ ಮಾತು ಇದೇ. ಸಾಹುಕಾರ ಎಷ್ಟು ಬಡ್ಡಿ ಏರಿಸಿದರೂ ನೆಲವನ್ನು ಬರೆಸಿಕೊಳ್ಳಲಾರ. ಬ್ಯಾಂಕಿಗೆ ಅಡವು ಬೇಕಾಗಿಯೂ ಇಲ್ಲ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡವು ಕೇಳಬೇಡಿ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಈ ಸುತ್ತೋಲೆಯನ್ನು ಕೈಯಲ್ಲಿ ಹಿಡಿದೇ ಬ್ಯಾಂಕಿಗೆ ಹೋಗಬೇಕು, ಒಬ್ಬೊಬ್ಬರಾಗಿ ಅಲ್ಲ, ಹತ್ತು ಜನ ಕೂಡಿ.

ಪರಿಸರದವರ ವಾದಕ್ಕೂ ಉತ್ತರ ಹೇಳಬೇಕು, ಅವರೆಲ್ಲ ಕೆಟ್ಟವರಲ್ಲ. ಹಕ್ಕು ಕೊಟ್ಟರೆ ಕಾಡು ಉಳಿಯುವುದಿಲ್ಲ ಅನ್ನುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಲಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರ ಮಧ್ಯದ ಹುಣಸೆ ಮರದಲ್ಲಿ, ಮನೆಯ ಹಿತ್ತಲಲ್ಲಿ. ಹಿಕ್ಕೆ ಗೊಬ್ಬರವಾಗುತ್ತದೆ. ಬಾಣಂತನಕ್ಕೆ ಬಂದ ಮನೆಮಗಳು ಎಂದು ಊರವರು ಹಕ್ಕಿಯನ್ನು ನೋಡುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಸಾರಿತು, ಊರನ್ನು ಎಬ್ಬಿಸಲಿಲ್ಲ, ಹಕ್ಕಿಯೂ ಓಡಿಹೋಗಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೂಡಿದ ತರಗು ಬೆಂಕಿಯನ್ನು ಇಲಾಖೆ ನಿಲ್ಲಿಸಿತು, ಲಂಟಾನ ಬೆಟ್ಟ ತುಂಬಿತು. 2011ರಲ್ಲಿ ಸೋಲಿಗರ ಇಪ್ಪತ್ತೈದು ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕು ಪಡೆದವು, ಅದೇ ವರ್ಷ ಅದು ಹುಲಿ ಮೀಸಲು ಆಗಿತ್ತು. ಸೋಲಿಗ ಇದ್ದಾನೆ ಎಂದು ಹುಲಿ ಬೆಟ್ಟ ಬಿಟ್ಟು ಹೋಗಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರ ನಾಗರಹೊಳೆ. ಜೇನುಕುರುಬರನ್ನು ಕಾಡಿಗೆ ಮಾರಕವೆಂದು ಹೊರಗೆ ಹಾಕಿದ ಇಲಾಖೆ, ಅದೇ ಕಾಡಿನೊಳಗೆ ತಾಜ್ ಕಂಪನಿಯ ಹೋಟೆಲಿಗೆ ಜಾಗ ಗುತ್ತಿಗೆ ಕೊಟ್ಟಿತ್ತು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲಿನಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಯ ನೆಲಕ್ಕೆ ತಾವೇ ವಾಪಸು ಹೋಗಿ ಗುಡಿಸಲು ಹಾಕಿದರು. ಕಾಯ್ದೆ ಬಂದು ಎರಡು ದಶಕ ಆಗುತ್ತಾ ಬಂದರೂ ಹಕ್ಕು ಮನೆಗೆ ಬರಲಿಲ್ಲವೆಂದು ಜನರೇ ಹಕ್ಕಿನ ಹತ್ತಿರ ಹೋದರು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಮಾತ್ರ 2025ರಲ್ಲಿ ವನ್ಯಜೀವಿ ಮಂಡಳಿಯೇ ಒಪ್ಪಿಗೆ ಕೊಡುತ್ತದೆ. ಹಸಲನ ಕತ್ತಿಯಿಂದ ಕಾಡಿಗೆ ಅಪಾಯ, ಕಂಪನಿಯ ಸುರಂಗದಿಂದ ಇಲ್ಲ.

ಜನರಿಲ್ಲದ ಕಾಡೇ ಕಾಡು ಎಂಬ ಯೋಚನೆ ನಮ್ಮ ನಾಡಿನದ್ದಲ್ಲ. ಅಮೆರಿಕದಲ್ಲಿ 1872ರಲ್ಲಿ ಯೆಲ್ಲೋಸ್ಟೋನ್ ಉದ್ಯಾನ ಮಾಡಿ ಅಲ್ಲಿನ ಮೂಲನಿವಾಸಿಗಳನ್ನು ಹೊರಗಟ್ಟಿದ ದಾರಿ ಅದು. ಆ ದಾರಿ ತಪ್ಪು ಎಂದು ಜಗತ್ತು ಈಗ ಹೇಳುತ್ತಿದೆ. ಗುಡವಿಗೆ ಬೋರ್ಡು ಬಿದ್ದ 1989ರಲ್ಲೇ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮೂಲನಿವಾಸಿಗಳ ಭೂಮಿ ಹಕ್ಕನ್ನು ಒಪ್ಪುವ 169ನೇ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ. 2007ರ ವಿಶ್ವಸಂಸ್ಥೆಯ ಘೋಷಣೆಗೆ ಕೈಯೆತ್ತಿತು, ಅದಕ್ಕೆ ಖರ್ಚಿಲ್ಲವಲ್ಲ.

ನಮ್ಮವರಿಗೂ ಎರಡು ಮಾತು. ಬಡವನ ಎರಡು ಎಕರೆಯ ಮರೆಯಲ್ಲಿ ಐವತ್ತು ಎಕರೆ ಕಾನು ಬೋಳಿಸಿ ತೋಟ ಮಾಡಿದವರು ಇದ್ದಾರೆ. ಒತ್ತುವರಿ ತೆರವು ಎಂದಾಗ ಇವರು ಚಳವಳಿಯ ಮುಂದಿನ ಸಾಲಿನಲ್ಲಿ ನಿಂತು ಬಡವನನ್ನು ಎದುರಿಗೆ ಹಿಡಿಯುತ್ತಾರೆ. ಇವರಿಗೂ ಅರಣ್ಯ ಹಕ್ಕು ಕಾಯ್ದೆಗೂ ಸಂಬಂಧವಿಲ್ಲ, ನಮಗೂ ಇರಬಾರದು. ಇನ್ನು, ಹಸಲರನ್ನು ಕೊನೆ ತೆಗೆಯುವುದಕ್ಕೆ ಮನೆಬಾಗಿಲಿಗೆ ಹೋಗಿ ಕರೆಯುವವರು ಗ್ರಾಮಸಭೆಗೆ ಕರೆಯುವುದನ್ನು ಮಾತ್ರ ಮರೆಯುತ್ತಾರೆ. ಪಂಗಡದವರಿಗೆ 75 ವರ್ಷದ ಕೊಕ್ಕೆ ಇಲ್ಲ ಎಂದು ಕರುಬುವವರೂ ಇದ್ದಾರೆ. ಕರುಬುವುದರಿಂದ ನಿಮ್ಮ ಅರ್ಜಿ ಮಂಜೂರಾಗುವುದಿಲ್ಲ. ಅವರ ಹಕ್ಕು ಗಟ್ಟಿಯಾದರೆ ಅದೇ ಊರಿನಲ್ಲಿ ನಿಮ್ಮ ವಾಸಕ್ಕೂ ಸಾಕ್ಷಿ ಸಿಗುತ್ತದೆ.

ಈ ಎರಡು ತಾಲ್ಲೂಕಿಗೆ ಅಧಿಕಾರದ ಬರ ಇರಲಿಲ್ಲ. ಸೊರಬದ ಬಂಗಾರಪ್ಪನವರು 1990ರಿಂದ 92ರವರೆಗೆ ಮುಖ್ಯಮಂತ್ರಿ, ಶಿಕಾರಿಪುರದ ಯಡಿಯೂರಪ್ಪನವರು ನಾಲ್ಕು ಸಲ ಮುಖ್ಯಮಂತ್ರಿ. ಬಗರ್‌ಹುಕುಂ ಎಂಬ ಮಾತನ್ನು ಇಬ್ಬರೂ ಬಲ್ಲರು. ಫಾರಂ 50 ಬಂತು, 53 ಬಂತು, 2018ರಲ್ಲಿ 57 ಬಂತು. ಫಾರಂ ನಂಬರು ಏರುತ್ತಲೇ ಹೋಯಿತು, ಬಡ್ಡಿಯ ಹಾಗೆ. ಅಪ್ಪ ಹಾಕಿದ ಅರ್ಜಿಯ ರಸೀತಿಯನ್ನು ಮಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದಾನೆ.

ಆ ರಸೀತಿಯನ್ನು ಎಸೆಯಬೇಡಿ. ಗ್ರಾಮಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ಇದೆಯೇ, ಅದರಲ್ಲಿ ಹೆಂಗಸರು, ಹಸಲರು ಇದ್ದಾರೆಯೇ ಕೇಳಿ. ಇಲ್ಲದಿದ್ದರೆ ಸಮಿತಿ ಹೊಸದಾಗಿ ಆಗಲಿ. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿ ಹೆಬ್ಬೆಟ್ಟು ಹಾಕಿಸಿ, ನಿಯಮದ ಪ್ರಕಾರ ಅದೂ ಪುರಾವೆ. ಹಳೆಯ ಬಾವಿ, ಮನೆಯ ತಳಪಾಯ, ಸುಡುಗಾಡು, ಕಾನಿನ ದೇವರ ಬನ, ಇವೂ ಪುರಾವೆ. ಸಾಗುವಳಿಗೆ ಎ ಫಾರಂ, ಸಮುದಾಯದ ಹಕ್ಕಿಗೆ ಬಿ, ಇಡೀ ಕಾನನ್ನು ಕಾಪಾಡಿ ನಿರ್ವಹಿಸುವ ಹಕ್ಕಿಗೆ ಸಿ. ಜನ ಸಾಧಾರಣವಾಗಿ ಎ ಫಾರಂ ಒಂದನ್ನೇ ಹಿಡಿದು ಓಡಾಡುತ್ತಾರೆ, ಸಿ ಫಾರಂ ತುಂಬದೆ ಕಾನು ಅಕೇಶಿಯಾದವರ ಕೈಯಲ್ಲೇ ಉಳಿಯುತ್ತದೆ. ವಜಾ ಆದರೆ ಕಾರಣ ಬರಹದಲ್ಲಿ ಕೊಡಬೇಕು, ಅದು ಸಿಕ್ಕ ಅರವತ್ತು ದಿನದೊಳಗೆ ಮೇಲಿನ ಸಮಿತಿಗೆ ಅರ್ಜಿ ಹಾಕಬಹುದು. ಕಾರಣವನ್ನೇ ಕೊಟ್ಟಿಲ್ಲವೆಂದರೆ ಆ ದಿನಗಳ ಲೆಕ್ಕ ಶುರುವಾಗಿಯೇ ಇಲ್ಲ. ಪರಿಶೀಲನೆ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ ಎಂದು ಕಾಯ್ದೆಯ 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ಜೀಪು ಬಂದ ದಿನ ಇದನ್ನು ಓದಿ ಹೇಳುವುದಕ್ಕೆ ಊರಿಗೆ ಒಬ್ಬರಾದರೂ ತಯಾರಿರಲಿ.

ಗುಡವಿಯ ಸುತ್ತಿನ ಊರುಗಳವರು ಇದರ ಜತೆಗೆ ಇನ್ನೊಂದು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಬೇಕು. ಕೆರೆಯ ಹಕ್ಕಿ ಮೇಯುವ ಭತ್ತದ ಗದ್ದೆಗೆ, ಪಹಣಿ ಇರಲಿ ಬಿಡಲಿ, ಸಾಗುವಳಿ ಮಾಡುವವನ ಭತ್ತವನ್ನು ಒಕ್ಕಲು ಮುಗಿಯುವ ಮೊದಲೇ ತೆರೆದ ಕೇಂದ್ರದಲ್ಲಿ ಬೆಂಬಲ ಬೆಲೆಗೆ ಕೊಳ್ಳಬೇಕು, ಅದರ ಮೇಲೆ ಎಕರೆಗೆ ಇಷ್ಟು ಎಂದು ಹಕ್ಕಿಯ ಮೇವಿನ ಬಾಬ್ತು ಕೊಡಬೇಕು. ಎಕರೆಗೆ ಎಷ್ಟು ಎಂಬುದನ್ನು ಗ್ರಾಮಸಭೆಯೇ ಕೂತು, ಕೂಲಿ, ಗೊಬ್ಬರ, ಬಾಡಿಗೆಯ ಲೆಕ್ಕ ಇಟ್ಟುಕೊಂಡು ಬರೆಯಲಿ. ಠರಾವಿನ ಒಂದು ಪ್ರತಿ ಪತ್ರಿಕೆಗೂ ಬರಲಿ, ಅಚ್ಚು ಹಾಕೋಣ.